ತೊಗರಿ ಕಣಜದ ಕಾಣದ ಕೂಲಿಯಾಳುಗಳು: ಜೇನು, ದುಂಬಿ ಉಳಿಸಲು ನಾವೇನು ಮಾಡಬಹುದು?

ಕಲಬುರಗಿ: ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಎರೆ ಭೂಮಿಯಲ್ಲಿ ಅಕ್ಟೋಬರ್ ಬಂತೆಂದರೆ ಕಣ್ಣು ಹಾಯಿಸಿದಷ್ಟೂ ತೊಗರಿಯ ಹಳದಿ ಹೂವು. ಬಿತ್ತಿದವರು ಯಾರು, ಕಳೆ ತೆಗೆದವರು ಯಾರು ಎಂಬ ಲೆಕ್ಕ ಪ್ರತಿಯೊಬ್ಬ ರೈತನ ಬಳಿಯೂ ಇದೆ. ಆದರೆ ಹೂವಿನಿಂದ ಹೂವಿಗೆ ಹಾರಿ ಪರಾಗ ಸಾಗಿಸುವ ಜೇನು, ದುಂಬಿಗಳ ದುಡಿಮೆ ಯಾವ ಲೆಕ್ಕದ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಹೊಲದ ಬದುಗಳು ಬರಿದಾಗುತ್ತ, ಹೂ ಬಿಡುವ ಕಾಲದಲ್ಲಿಯೇ ವಿಷದ ಸಿಂಪರಣೆ ಹೆಚ್ಚುತ್ತಿರುವುದರಿಂದ ಕೂಲಿ ಕೇಳದ ಈ ಆಳುಗಳಿಗೆ ಕುತ್ತು ಬಂದಿದೆ.

ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆತಿದೆ. ಮಣ್ಣಿನ ಗುಣ, ಬೇಳೆಯ ರುಚಿಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಆ ಬೆಳೆಯ ಸುತ್ತ ಬದುಕುವ ಜೀವಿಗಳ ಬಗ್ಗೆ ನಡೆದ ಚರ್ಚೆ ಮಾತ್ರ ಕಡಿಮೆ.

ಯಾವ ಬೆಳೆಗೆ ಎಷ್ಟು ಅಗತ್ಯ?

ತೊಗರಿ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಬೆಳೆ. ಜೇನಿಲ್ಲದಿದ್ದರೆ ತೊಗರಿಯೇ ಇಲ್ಲ ಎಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೂ ಅದರ ಹೂವಿಗೆ ಕೀಟಗಳು ಧಾರಾಳವಾಗಿ ಭೇಟಿ ನೀಡುತ್ತವೆ. ತೊಗರಿಯ ಪರಾಗ ಅಂಟು ಸ್ವಭಾವದ್ದಾಗಿರುವುದರಿಂದ ಗಾಳಿಯಲ್ಲಿ ತೇಲಿ ಹೋಗದು. ಒಂದು ಗಿಡದಿಂದ ಇನ್ನೊಂದಕ್ಕೆ ಅದನ್ನು ಒಯ್ಯುವುದು ಕೀಟಗಳೇ. ಹೈದರಾಬಾದ್ ಸಮೀಪದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಹೈಬ್ರಿಡ್ ತೊಗರಿ ತಳಿಗಳನ್ನು ರೂಪಿಸಲು ಸಾಧ್ಯವಾದದ್ದು ಈ ಕೀಟಗಳ ನೆರವಿನಿಂದಲೇ ಎಂಬುದು ಗಮನಾರ್ಹ.

ಸೂರ್ಯಕಾಂತಿಯ ಕಥೆ ಬೇರೆ. ಜೇನಿನ ಸುಳಿವಿಲ್ಲದ ಹೊಲದಲ್ಲಿ ಸೂರ್ಯಕಾಂತಿಯ ತೆನೆ ದೊಡ್ಡದಾಗಿ ಕಂಡರೂ ಒಳಗೆ ಜೊಳ್ಳು ಹೆಚ್ಚು. ಗುರೆಳ್ಳಿಗಂತೂ ಬೇರೊಂದು ಗಿಡದ ಪರಾಗ ಬೇಕೇ ಬೇಕು. ಕುಸುಬೆ, ಎಳ್ಳು, ಹತ್ತಿಗಳಿಗೂ ಕೀಟಗಳ ಭೇಟಿಯಿಂದ ಲಾಭವುಂಟು.

ಯಾರಿವರು?

ಈ ಭಾಗದಲ್ಲಿ ಕಾಣಸಿಗುವ ಪರಾಗಸ್ಪರ್ಶಿಗಳಲ್ಲಿ ಮುಖ್ಯವಾದವು ಇವು:

* ಹೆಜ್ಜೇನು: ಎತ್ತರದ ಮರ, ನೀರಿನ ಟ್ಯಾಂಕು, ಹಳೆಯ ಕಟ್ಟಡಗಳಲ್ಲಿ ದೊಡ್ಡ ಹುಟ್ಟು ಕಟ್ಟುತ್ತದೆ. ಹೂವಿನ ಹಂಗಾಮು ನೋಡಿ ವಲಸೆ ಹೋಗುತ್ತದೆ.
* ಕೋಲುಜೇನು: ಬೇಲಿಯ ಪೊದೆಯಲ್ಲಿ ಅಂಗೈಯಗಲದ ಹುಟ್ಟು. ಬಿಸಿಲು ನಾಡಿಗೆ ಒಗ್ಗಿದ ಜೀವಿ.
* ದುಂಬಿ: ಒಣಮರ ಕೊರೆದು ಮನೆ ಮಾಡುವ ಕಪ್ಪು ಬಣ್ಣದ ದೊಡ್ಡ ಜೇನು. ತೊಗರಿ, ಸೆಣಬು, ಎಕ್ಕದ ಹೂಗಳ ಮೇಲೆ ಇದರ ಗುಂಯ್‌ಗುಡುವಿಕೆ ಕೇಳಬಹುದು.
* ಎಲೆ ಕತ್ತರಿಸುವ ಜೇನು: ಎಲೆಯ ಅಂಚನ್ನು ದುಂಡಗೆ ಕತ್ತರಿಸಿ, ಟೊಳ್ಳು ಕಡ್ಡಿಯೊಳಗೆ ಗೂಡು ಕಟ್ಟುವ ಒಂಟಿ ಜೀವಿ. ತೊಗರಿಯ ನಿಷ್ಠಾವಂತ ಅತಿಥಿ.

ಭಾರತದಲ್ಲಿ 700ಕ್ಕೂ ಹೆಚ್ಚು ಬಗೆಯ ಜೇನುಗಳಿವೆ. ಅವುಗಳಲ್ಲಿ ಹೆಚ್ಚಿನವು ಹುಟ್ಟು ಕಟ್ಟುವುದಿಲ್ಲ, ಜೇನುತುಪ್ಪವನ್ನೂ ಕೊಡುವುದಿಲ್ಲ. ನೆಲದಲ್ಲಿ ಬಿಲ ತೋಡಿ ಒಂಟಿಯಾಗಿ ಬಾಳುತ್ತವೆ. ಇಂಥ ಸಣ್ಣ ಜೇನುಗಳ ಹಾರಾಟದ ವ್ಯಾಪ್ತಿ ಕೆಲವೇ ನೂರು ಮೀಟರುಗಳು. ಆದ್ದರಿಂದ ದೂರದ ಕಾಡನ್ನು ರಕ್ಷಿಸಿದರೆ ಸಾಲದು, ಹೊಲದ ಪಕ್ಕದ ಬದುವೂ ಉಳಿಯಬೇಕು.

ಸಿಂಪರಣೆಯ ಇಕ್ಕಟ್ಟು

ರೈತ ಔಷಧ ಹೊಡೆಯುವುದು ಜೇನಿನ ಮೇಲಿನ ಹಗೆಯಿಂದಲ್ಲ. 1997–98ರ ಹಂಗಾಮಿನಲ್ಲಿ ಕಾಯಿಕೊರಕದ ಹಾವಳಿಯಿಂದ ಕಲಬುರಗಿ, ಬೀದರ್ ಭಾಗದ ತೊಗರಿ ನೆಲಕಚ್ಚಿ ರೈತರು ಸಾಲದ ಸುಳಿಗೆ ಸಿಲುಕಿದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. ಹೂ ಬಿಡುವ, ಕಾಯಿ ಕಟ್ಟುವ ಹೊತ್ತಿಗೇ ಹುಳು ಬರುತ್ತದೆ. ಜೇನು ಬರುವುದೂ ಅದೇ ಹೊತ್ತಿಗೆ. ಇಕ್ಕಟ್ಟು ಇರುವುದು ಇಲ್ಲಿಯೇ.

ಇದರಿಂದ ಪಾರಾಗುವ ಮಾರ್ಗಗಳಿವೆ. ತೊಗರಿಯ ಹೂವು ಬೆಳಿಗ್ಗೆ ಅರಳಿ, ಹಗಲಿಡೀ ಕೀಟಗಳನ್ನು ಕರೆಯುತ್ತದೆ. ಆದ್ದರಿಂದ ಸಿಂಪಡಿಸಲೇಬೇಕಾದರೆ ಸಂಜೆ ಐದರ ನಂತರ ಸಿಂಪಡಿಸುವುದು ಲೇಸು. ಗಿಡವನ್ನು ಅಲುಗಾಡಿಸಿ, ಕೆಳಗೆ ಹಾಸಿದ ತಾಡಪಾಲಿನ ಮೇಲೆ ಉದುರಿದ ಹುಳುಗಳನ್ನು ಆರಿಸಿ ಕೋಳಿಗೆ ಹಾಕುವ ಪದ್ಧತಿ ಖರ್ಚಿಲ್ಲದ್ದು. ಎಕರೆಗೆ ಸುಮಾರು 20ರಂತೆ ಕವಲುಗೋಲುಗಳನ್ನು ನೆಟ್ಟರೆ ಕಾಜಾಣದಂಥ ಹಕ್ಕಿಗಳು ಕುಳಿತು ಹುಳು ಹೆಕ್ಕುತ್ತವೆ. ಶೇ 5ರ ಬೇವಿನ ಬೀಜದ ಕಷಾಯ, ಮೋಹಕ ಬಲೆ, ಎನ್‌ಪಿವಿ ನಂಜಾಣು ದ್ರಾವಣ ಇವೆಲ್ಲ ಕೃಷಿ ವಿಜ್ಞಾನಿಗಳು ಶಿಫಾರಸು ಮಾಡುತ್ತ ಬಂದಿರುವ ಉಪಾಯಗಳೇ.

ಬಹುತೇಕ ರೈತರಿಗೆ ತಿಳಿಯದ ಸಂಗತಿಯೊಂದಿದೆ. ಔಷಧದ ಡಬ್ಬಿಯ ಮೇಲಿರುವ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ಮನುಷ್ಯ ಹಾಗೂ ಸಸ್ತನಿಗಳಿಗೆ ಆಗುವ ಅಪಾಯವನ್ನು ಸೂಚಿಸುತ್ತವೆಯೇ ವಿನಾ ಜೇನಿಗಾಗುವ ಅಪಾಯವನ್ನಲ್ಲ. ಕೆಂಪು ಗುರುತಿಲ್ಲವೆಂದ ಮಾತ್ರಕ್ಕೆ ಜೇನಿಗೆ ಸುರಕ್ಷಿತವೆಂದು ಭಾವಿಸುವಂತಿಲ್ಲ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಮ್‌ನಂಥ ಕೀಟನಾಶಕಗಳು ಗಿಡದ ರಸದಲ್ಲಿ ಬೆರೆತು ಮಕರಂದವನ್ನೂ ಸೇರುತ್ತವೆ. ಐರೋಪ್ಯ ಒಕ್ಕೂಟ ಇವುಗಳನ್ನು ತೆರೆದ ಹೊಲಗಳಲ್ಲಿ ಬಳಸುವುದನ್ನು 2018ರಲ್ಲಿ ನಿಷೇಧಿಸಿತು. ಹೂವಿನ ಹಂತದಲ್ಲಿ ಇವುಗಳನ್ನು ದೂರವಿಡುವುದು ವಿವೇಕ. ಅನುಮಾನವಿದ್ದಲ್ಲಿ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551 ಅನ್ನು ಸಂಪರ್ಕಿಸಬಹುದು.

ಬದುವೇ ಆಶ್ರಯ

ಹಿಂದೆ ಜೋಳ, ತೊಗರಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಎಳ್ಳು, ಗುರೆಳ್ಳು, ಅಗಸೆ, ಪುಂಡಿ, ಕುಸುಬೆಗಳನ್ನು ಬೆಳೆಯುತ್ತಿದ್ದರು. ಮನೆಗೆ ಹಿಂಡಿ, ಪಲ್ಯ, ಎಣ್ಣೆ ದೊರೆಯುತ್ತಿತ್ತು. ಜೇನಿಗೆ ಒಂದರ ನಂತರ ಒಂದು ಹೂವು ಸಿಗುತ್ತಿತ್ತು. ಏಕಬೆಳೆಯ ಭರದಲ್ಲಿ ಆ ಸಾಲುಗಳು ಕಡಿಮೆಯಾಗಿವೆ. ತೊಗರಿಯ ಹೂವು ಮುಗಿದ ಮೇಲೆ ಜೇನಿಗೆ ಉಪವಾಸವೇ ಗತಿ. ಎಕರೆಗೆ ನಾಲ್ಕು ಸಾಲು ಅಕ್ಕಡಿಯನ್ನು ಮರಳಿ ತಂದರೂ ಸಾಕು, ವ್ಯತ್ಯಾಸವಾಗುತ್ತದೆ.

ಬದುವಿನಲ್ಲಿ ತುಂಬೆ, ತಂಗಡಿ, ಎಕ್ಕದಂಥ ನಾಡ ಗಿಡಗಳನ್ನು ಕಳೆಯೆಂದು ಸುಡದೆ ಬಿಡುವುದು ಮತ್ತೊಂದು ಹೆಜ್ಜೆ. ಎಕ್ಕದ ಎಲೆ ಹುಲಿಪಟ್ಟೆಯ ಕಿತ್ತಳೆ ಚಿಟ್ಟೆಯ ಮರಿಗಳಿಗೆ ಆಹಾರ. ತೆಗೆಯಬೇಕಾದದ್ದು ಹೊರಗಿನಿಂದ ಬಂದ ಕಾಂಗ್ರೆಸ್ ಕಳೆಯನ್ನು. ಭೀಮಾ, ಅಮರ್ಜಾ ನದಿಗಳ ದಂಡೆಗಳಲ್ಲಿ, ಹಳ್ಳದ ಅಂಚುಗಳಲ್ಲಿ ಬೇವು, ಹೊಂಗೆ, ಹುಣಸೆ, ಕರಿಜಾಲಿ, ನೇರಳೆ, ಬಾರಿ ಗಿಡಗಳನ್ನು ನೆಟ್ಟರೆ ಹೂವಿನ ಕೊರತೆ ನೀಗುತ್ತದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರಿಯಾಯಿತಿ ದರದ ಸಸಿಗಳ ಜತೆಗೆ, ಬದುಕುಳಿದ ಸಸಿಗಳಿಗೆ ಪ್ರೋತ್ಸಾಹಧನವನ್ನೂ ನೀಡಲಾಗುತ್ತದೆ.

ಹೊಲದ ಇಲಿಗಳಿಗೆ ವಿಷವಿಡುವಾಗಲೂ ಎರಡು ಬಾರಿ ಯೋಚಿಸಬೇಕು. ವಿಷ ತಿಂದ ಇಲಿಯನ್ನು ಹಿಡಿಯುವ ಗೂಬೆ, ಕೇರೆಹಾವು, ಮುಂಗುಸಿಗಳೂ ಬಲಿಯಾಗುತ್ತವೆ. ಇಲಿಗಳ ಸಂಖ್ಯೆ ತಗ್ಗಿಸುವ ನಿಜವಾದ ಕಾವಲುಗಾರರು ಇವರೇ.

ಪಟ್ಟಣವಾಸಿಗಳ ಪಾಲು

ಹೊಲವಿಲ್ಲದವರೂ ಕೈಕಟ್ಟಿ ಕೂರಬೇಕಿಲ್ಲ.

* ಬಿಸಿಲು 42 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಅಗಲವಾದ ತಟ್ಟೆಯಲ್ಲಿ ನೀರಿಟ್ಟು, ಜೇನು ಮುಳುಗದಂತೆ ಒಳಗೆ ಹರಳುಕಲ್ಲು ಹಾಕಿಡಬೇಕು.
* ಕುಂಡಗಳಲ್ಲಿ ತುಳಸಿ, ಕರಿಬೇವು, ನಿಂಬೆ ಬೆಳೆಸಬಹುದು. ಕರಿಬೇವು, ನಿಂಬೆಯ ಎಲೆ ತಿನ್ನುವ ಹುಳು ಮುಂದೆ ಚಿಟ್ಟೆಯಾಗುತ್ತದೆ ಎಂಬುದನ್ನು ಮರೆಯಬಾರದು.
* 6ರಿಂದ 10 ಮಿಲಿಮೀಟರ್ ರಂಧ್ರದ ಬಿದಿರಿನ ತುಂಡುಗಳನ್ನು ಕಟ್ಟಿ, ಮಳೆ ಬೀಳದ ಗೋಡೆಗೆ ತೂಗುಹಾಕಿದರೆ ಒಂಟಿ ಜೇನಿಗೆ ಮನೆ ಸಿದ್ಧ.
* ಕಟ್ಟಡದಲ್ಲಿ ಹೆಜ್ಜೇನು ಕಟ್ಟಿದರೆ ಬೆಂಕಿ ಹಚ್ಚುವುದು, ಕಲ್ಲೆಸೆಯುವುದು ಜೀವಕ್ಕೇ ಅಪಾಯ. ಜನಸಂಚಾರ ಬೇರೆಡೆಗೆ ತಿರುಗಿಸಿ ಕಾದರೆ ಹಂಗಾಮು ಮುಗಿದ ಮೇಲೆ ಅವು ತಾವಾಗಿಯೇ ಹೊರಡುತ್ತವೆ. ಅಪಾಯ ಖಚಿತವಿದ್ದರೆ ಮಾತ್ರ ತಜ್ಞರನ್ನು ಕರೆಸಬೇಕು.
* ಗುರೆಳ್ಳು, ಅಗಸೆ, ಕುಸುಬೆ ಎಣ್ಣೆಗಳನ್ನು ಕೊಳ್ಳುವುದೂ ಸಹಾಯವೇ. ಮಾರುಕಟ್ಟೆ ಇದ್ದರಷ್ಟೇ ರೈತ ಆ ಸಾಲುಗಳನ್ನು ಬಿತ್ತುತ್ತಾನೆ.

ಪಂಚಾಯಿತಿಯನ್ನು ಕೇಳಿ

2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಕೀಟಗಳ ಜನತಾ ದಾಖಲಾತಿ ಸಿದ್ಧವಾಗಬೇಕು. ತಮ್ಮ ಊರಿನ ದಾಖಲಾತಿಯಲ್ಲಿ ಏನಿದೆ ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಗೋಮಾಳ, ಹಳ್ಳದ ದಂಡೆ, ಶಾಲೆಯ ಆವರಣದಲ್ಲಿ ಯಾವ ಗಿಡ ನೆಡಬೇಕೆಂಬ ತೀರ್ಮಾನವೂ ಅಲ್ಲಿಂದಲೇ ಆರಂಭವಾಗಬಹುದು.

ಎಳ್ಳ ಅಮಾವಾಸ್ಯೆಯಂದು ಈ ಭಾಗದ ರೈತ ಕುಟುಂಬಗಳು ಸಜ್ಜೆ ರೊಟ್ಟಿ, ಭಜ್ಜಿಯ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲುತ್ತವೆ. ಬೆಳೆದದ್ದರಲ್ಲಿ ಮಣ್ಣಿಗೂ, ಹಕ್ಕಿಪಕ್ಷಿಗಳಿಗೂ ಒಂದು ಪಾಲು ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದೇನಲ್ಲ. ಆ ಪಾಲಿನಲ್ಲಿ ಒಂದು ಬದು, ನಾಲ್ಕು ಸಾಲು ಹೂವು, ಸಂಜೆಯವರೆಗಿನ ತಾಳ್ಮೆಯನ್ನು ಜೇನಿಗಾಗಿ ಸೇರಿಸುವುದಷ್ಟೇ ಉಳಿದಿರುವ ಕೆಲಸ.