ಸಂಪರ್ಕ ತಪ್ಪಿದ ಕಾವಲು ಕ್ಯಾಮೆರಾ

ಮಕ್ಕಳು ದೂರದ ಪಟ್ಟಣಗಳಲ್ಲಿಯೋ ಪರದೇಶಗಳಲ್ಲಿಯೋ ನೆಲೆಸಿ, ವೃದ್ಧರಾದ ತಾಯಿತಂದೆಗಳು ಮಾತ್ರ ಊರ ಮನೆಯಲ್ಲಿ ಉಳಿದಿರುವ ಕುಟುಂಬಗಳು ಈಗ ನಮ್ಮ ನಾಡಿನಲ್ಲಿ ಅನೇಕವಾಗಿವೆ. ಅಂತಹ ಮನೆಗಳ ಜಗಲಿಯಲ್ಲಿ ಅಥವಾ ನಡುಮನೆಯ ಮೂಲೆಯಲ್ಲಿ ಅಂಗೈಯಗಲದ ಒಂದು ಕ್ಯಾಮೆರಾ ಕಾವಲು ಕುಳಿತಿರುವುದನ್ನು ವಾಚಕರು ಕಂಡೇ ಇರುವರು. ಬೆಂಗಳೂರಿನಲ್ಲಿರುವ ಮಗನು ಕಚೇರಿಯ ಬಿಡುವಿನಲ್ಲಿ ಮೊಬೈಲನ್ನು ತೆರೆದು, ಅಮ್ಮನು ಊಟಮಾಡಿ ಮಲಗಿರುವಳೇ, ಅಂಗಳದಲ್ಲಿ ಹರಡಿದ ಅಡಿಕೆಯು ಕ್ಷೇಮವಾಗಿದೆಯೇ ಎಂದು ನೋಡಿ ಸಮಾಧಾನ ಹೊಂದುತ್ತಾನೆ. ಒಂದು ರಾತ್ರಿ ಆ ಚಿತ್ರದ ಸ್ಥಾನದಲ್ಲಿ ‘ಆಫ್‌ಲೈನ್’ ಎಂಬ ಪದವೊಂದೇ ಕಾಣಿಸಿಕೊಂಡರೆ ಅವನಿಗಾಗುವ ತಳಮಳವನ್ನು ವರ್ಣಿಸಬೇಕಾದುದಿಲ್ಲ. ಅಂತಹ ವೇಳೆಯಲ್ಲಿ ಕ್ಯಾಮೆರಾದ ಚಿಂತೆಯನ್ನು ಬದಿಗಿರಿಸಿ ಮೊದಲು ಮನೆಗೆ ಫೋನು ಮಾಡತಕ್ಕದ್ದು. ಉತ್ತರ ಬಾರದಿದ್ದರೆ ನೆರೆಯವರಿಂದ ಕದ ತಟ್ಟಿಸತಕ್ಕದ್ದು. ನೆರೆಮನೆಯವರ ನಂಬರನ್ನು ಬರೆದಿಟ್ಟುಕೊಳ್ಳದೆ ಯಂತ್ರವನ್ನು ಮಾತ್ರ ನೆಚ್ಚಿರುವವರನ್ನು ನಾವು ಬುದ್ಧಿವಂತರೆನ್ನಲಾರೆವು.

ಮನೆಯ ಕಾವಲಿಗೆ ಕ್ಯಾಮೆರಾವನ್ನು ಬಳಸುವ ಯೋಜನೆಯನ್ನು ನ್ಯೂಯಾರ್ಕ್ ನಗರದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ದಾದಿಯು ತನ್ನ ಪತಿಯೊಡನೆ 1966ರಲ್ಲಿ ರೂಪಿಸಿ, 1969ರಲ್ಲಿ ಅದಕ್ಕೆ ಪೇಟೆಂಟು ಪಡೆದಳು. ಆ ಯೋಜನೆಯಲ್ಲಿ ಚಿತ್ರವು ಮುಂಬಾಗಿಲಿನಿಂದ ಒಳಕೋಣೆಯ ಟೆಲಿವಿಷನ್ನಿನವರೆಗೆ ಪ್ರಯಾಣ ಮಾಡಿದರೆ ಸಾಕಾಗಿತ್ತು. ಈಗಿನ ಚಿತ್ರವಾದರೋ ಕ್ಯಾಮೆರಾದಿಂದ ವೈಫೈ ಮಾರ್ಗವಾಗಿ ರೂಟರಿಗೂ, ಅಲ್ಲಿಂದ ಇಂಟರ್ನೆಟ್ಟಿನ ತಂತಿಯಲ್ಲಿ ತಯಾರಕರ ಸರ್ವರಿಗೂ, ಬಹುಮಟ್ಟಿಗೆ ಅದರ ಮುಖಾಂತರವೇ ನಮ್ಮ ಮೊಬೈಲಿನ ಆಪಿಗೂ ಬರಬೇಕು. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಆಪು ಹೇಳುವುದು ಆ ಒಂದೇ ಪದ. ಆದುದರಿಂದ ಕಂಡಕಂಡ ಗುಂಡಿಯನ್ನು ಒತ್ತುವ ಮೊದಲು ಕಳಚಿದ ಕೊಂಡಿ ಯಾವುದೆಂದು ನಿಶ್ಚಯಿಸಿಕೊಳ್ಳಬೇಕು.

ನಮ್ಮ ತಾರ್ಕಿಕರು ಅನ್ವಯ-ವ್ಯತಿರೇಕವೆಂದು ಕರೆಯುವ ಕ್ರಮವು ಇಲ್ಲಿ ಚೆನ್ನಾಗಿ ಒದಗುತ್ತದೆ: ಒಂದು ಇದ್ದಾಗ ಇನ್ನೊಂದಿದ್ದು, ಅದಿಲ್ಲದಾಗ ಇದೂ ಇಲ್ಲವಾದರೆ ಅವೆರಡಕ್ಕೂ ಸಂಬಂಧವುಂಟೆಂದು ಊಹಿಸುವುದು. ಅದೇ ಆಪಿರುವ ಮನೆಯ ಬೇರೊಬ್ಬರ ಮೊಬೈಲಿನಲ್ಲಿ ಚಿತ್ರ ಬರುತ್ತಿದ್ದರೆ ಕ್ಯಾಮೆರಾ ನಿರ್ದೋಷಿ. ನಮ್ಮ ಆಪು ಹಳತಾಗಿರಬಹುದು, ಅಥವಾ ಬ್ಯಾಟರಿ ಉಳಿಸುವ ವ್ಯವಸ್ಥೆಯು ಅದನ್ನು ತಡೆದಿರಬಹುದು. ಮೊಬೈಲಿನ ವೈಫೈಯನ್ನು ಆರಿಸಿ ಸಿಮ್ಮಿನ ಡೇಟಾದಿಂದ ನೋಡಿದಾಗ ಚಿತ್ರ ಬಂದರೆ, ನಾವು ಕುಳಿತಿರುವ ಸ್ಥಳದ ವೈಫೈಯಲ್ಲಿ ದೋಷವಿದೆ. ಊರ ಮನೆಯ ವೈಫೈಯಲ್ಲಿ ಟೀವಿಯೂ ಓಡದಿದ್ದರೆ ರೂಟರನ್ನೋ ತಂತಿಯನ್ನೋ ವಿಚಾರಿಸಬೇಕು. ಉಳಿದೆಲ್ಲವೂ ಸರಿಯಾಗಿದ್ದು ಕ್ಯಾಮೆರಾ ಒಂದೇ ಮೌನವಾಗಿದ್ದರೆ ಮಾತ್ರ ಅದರ ಬಳಿಗೆ ಹೋಗತಕ್ಕದ್ದು.

ನಮ್ಮ ಕಡೆಯ ಮನೆಗಳಲ್ಲಿ ಮೊದಲು ಶಂಕಿಸಬೇಕಾದುದು ವಿದ್ಯುಚ್ಛಕ್ತಿಯನ್ನು. ಕರೆಂಟು ಹೋಗಿ ಬಂದಾಗ ರೂಟರು ಎಚ್ಚರಗೊಳ್ಳಲು ಒಂದೆರಡು ನಿಮಿಷ ಬೇಕು. ಅಷ್ಟರಲ್ಲಿ ಕೆಲವು ಕ್ಯಾಮೆರಾಗಳು ಹುಡುಕಿ ಹುಡುಕಿ ಸುಮ್ಮನಾಗಿಬಿಡುತ್ತವೆ. ಎರಡನ್ನೂ ಆರಿಸಿ, ಮೊದಲು ರೂಟರನ್ನು ಹಾಕಿ, ಅದರ ಇಂಟರ್ನೆಟ್ ದೀಪವು ಸ್ಥಿರವಾದಮೇಲೆ ಕ್ಯಾಮೆರಾವನ್ನು ಹಾಕಿದರೆ ಅನೇಕ ಸಲ ಕೆಲಸ ತೀರುತ್ತದೆ. ದೂರದಿಂದ ಮಗನು ಹೇಳಿ, ಕನ್ನಡಕವನ್ನು ಹುಡುಕುತ್ತ ತಾಯಿಯು ಇದನ್ನು ಮಾಡಬೇಕಾಗುವುದರಿಂದ, ರೂಟರಿನ ಪ್ಲಗ್ಗಿಗೆ ಹಳದಿ ದಾರವನ್ನೂ ಕ್ಯಾಮೆರಾದ ಪ್ಲಗ್ಗಿಗೆ ಕೆಂಪು ದಾರವನ್ನೂ ಕಟ್ಟಿಡುವುದು ಒಳ್ಳೆಯದು.

ಹಗಲೆಲ್ಲ ಸರಿಯಾಗಿದ್ದು ಕತ್ತಲಾದೊಡನೆ ಸಂಪರ್ಕ ತಪ್ಪುವ ಕ್ಯಾಮೆರಾಗಳುಂಟು. ಇದನ್ನು ದೃಷ್ಟಿದೋಷವೆಂದವರೂ ಇದ್ದಾರೆ! ಕಾರಣವು ಸರಳವಾದುದು. ಕತ್ತಲಲ್ಲಿ ನೋಡುವುದಕ್ಕಾಗಿ ಕ್ಯಾಮೆರಾವು ನಮ್ಮ ಕಣ್ಣಿಗೆ ಹೆಚ್ಚಾಗಿ ಕಾಣದ ಇನ್‌ಫ್ರಾರೆಡ್ ದೀಪಗಳನ್ನು ಉರಿಸುತ್ತದೆ. ಆಗ ಅದಕ್ಕೆ ಹೆಚ್ಚು ವಿದ್ಯುತ್ತು ಬೇಕು. ಕ್ಯಾಮೆರಾದೊಡನೆ ಬಂದ 5 ವೋಲ್ಟಿನ ಅಡಾಪ್ಟರನ್ನು ಕಳೆದು ಹಳೆಯ ಮೊಬೈಲಿನದನ್ನು ಸಿಕ್ಕಿಸಿದ್ದರೆ, ಅಥವಾ ತೆಳುವಾದ ಉದ್ದ ವಯರನ್ನು ಎಳೆದಿದ್ದರೆ, ತುದಿಗೆ ತಲಪುವ ವೋಲ್ಟೇಜು ಕುಗ್ಗಿ ಕ್ಯಾಮೆರಾ ನಿಂತು ಹೋಗುತ್ತದೆ. ಅಡಾಪ್ಟರಿನ ಮೇಲೆ 1 ಆಂಪಿಯರೋ 2 ಆಂಪಿಯರೋ ಎಂದು ಮುದ್ರಿಸಿರುವುದನ್ನು ಕ್ಯಾಮೆರಾದ ಕೈಪಿಡಿಯೊಡನೆ ಹೋಲಿಸಬೇಕು. ಒಂದು ರಾತ್ರಿ ಗಿಡ್ಡ ವಯರಿನಲ್ಲಿ ಇಟ್ಟು ನೋಡಿದರೆ ಸಂಶಯ ತೀರುವುದು.

ಇನ್ನು ವೈಫೈ. ಮನೆಯ ಕ್ಯಾಮೆರಾಗಳಲ್ಲಿ ಅನೇಕವು 2.4 ಗಿಗಾಹರ್ಟ್ಸಿನ ಅಲೆಗಳನ್ನು ಮಾತ್ರ ಗ್ರಹಿಸಬಲ್ಲವು. 5 ಗಿಗಾಹರ್ಟ್ಸಿನ ಹೆಸರಿಗೆ ಜೋಡಿಸಹೋದರೆ ವ್ಯರ್ಥ. ಗೋಡೆಗಳನ್ನು ದಾಟುವುದರಲ್ಲಿಯೂ 2.4 ಮೇಲು. ಆದರೂ ಹಳೆಯ ತೊಟ್ಟಿಮನೆಯ ದಪ್ಪ ಮಣ್ಣಿನ ಗೋಡೆಗಳನ್ನೂ ಉಕ್ಕಿನ ಬೀರುವನ್ನೂ ದಾಟುವಷ್ಟರಲ್ಲಿ ಅದೂ ಸೊರಗುತ್ತದೆ. ಮೈಕ್ರೊವೇವ್ ಒಲೆಯು ಹೆಚ್ಚುಕಡಿಮೆ ಅದೇ ಅಲೆಗಳಲ್ಲಿ ಕೆಲಸಮಾಡುವುದರಿಂದ ಹಾಲು ಬಿಸಿಯಾಗುವ ಹೊತ್ತಿಗೆ ಚಿತ್ರ ತಡವರಿಸುವುದುಂಟು.

ರೂಟರನ್ನೋ ಪಾಸ್‌ವರ್ಡನ್ನೋ ಬದಲಾಯಿಸಿದ ಮನೆಗಳಲ್ಲಿ ಕ್ಯಾಮೆರಾವು ಕಳೆದ ವರ್ಷದ ಪಾಠವನ್ನೇ ಒಪ್ಪಿಸುವ ವಿದ್ಯಾರ್ಥಿಯಂತೆ ಹಳೆಯ ಪಾಸ್‌ವರ್ಡನ್ನೇ ಹೇಳುತ್ತ ನಿಂತಿರುತ್ತದೆ. ಹೊಸ ರೂಟರಿಗೆ ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ, ದೊಡ್ಡಕ್ಷರ ಸಣ್ಣಕ್ಷರಗಳು ತಪ್ಪದಂತೆ, ಕೊಟ್ಟರೆ ಸಾಮಾನ್ಯವಾಗಿ ಎಲ್ಲ ಉಪಕರಣಗಳೂ ತಾವಾಗಿ ಬಂದು ಸೇರುತ್ತವೆ.

ಸೂಜಿಯಿಂದ ಒತ್ತುವ ರೀಸೆಟ್ ಗುಂಡಿಯು ಕೊನೆಯ ಉಪಾಯ. ಅದು ಕ್ಯಾಮೆರಾದಲ್ಲಿರುವ ವೈಫೈ ವಿವರಗಳನ್ನೆಲ್ಲ ಅಳಿಸುವುದರಿಂದ, ಒತ್ತುವ ಮೊದಲು ಆಪಿನ ಖಾತೆ ಯಾರ ಹೆಸರಿನಲ್ಲಿದೆಯೆಂದು ತಿಳಿದಿರಬೇಕು. ಕೂಡಿಸಿಕೊಟ್ಟ ಅಂಗಡಿಯ ಹುಡುಗನು ಅವಸರದಲ್ಲಿ ತನ್ನ ನಂಬರಿನಿಂದಲೇ ನೋಂದಾಯಿಸಿದ್ದರೆ, ಅನೇಕ ಕ್ಯಾಮೆರಾಗಳು ಅವನು ಬಿಡುಗಡೆಮಾಡುವ ತನಕ ಇನ್ನೊಬ್ಬರ ಖಾತೆಗೆ ಸೇರುವುದಿಲ್ಲ. ಅದಕ್ಕಿಂತ ಘೋರವಾದುದೇನೆಂದರೆ, ಅದುವರೆಗೆ ಮನೆಯೊಳಗಿನ ಚಿತ್ರವು ಅವನಿಗೂ ಕಾಣುತ್ತಿರುತ್ತದೆ. ಮನೆಯೊಡತಿಯರು ಇದನ್ನು ಇಂದೇ ವಿಚಾರಿಸಿಕೊಳ್ಳಲಿ. ಹೊಸದಾಗಿ ಜೋಡಿಸುವಾಗ ಕಾರ್ಖಾನೆಯ ಪಾಸ್‌ವರ್ಡು ಇದ್ದರೆ ಅದನ್ನು ಉಳಿಸಕೂಡದು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಅಂತಹ ಪಾಸ್‌ವರ್ಡುಗಳನ್ನೇ ಪ್ರಯೋಗಿಸಿ, ಲಕ್ಷಾಂತರ ಕ್ಯಾಮೆರಾ ರೂಟರುಗಳನ್ನು ವಶಪಡಿಸಿಕೊಂಡಿತ್ತು.

ಮೆಮರಿ ಕಾರ್ಡು ಹಾಕಿರುವ ಕ್ಯಾಮೆರಾಗಳು, ಕರೆಂಟು ಇರುವ ತನಕ, ಇಂಟರ್ನೆಟ್ಟು ಇಲ್ಲದಾಗಲೂ ಸಾಮಾನ್ಯವಾಗಿ ಚಿತ್ರವನ್ನು ಅದರಲ್ಲಿ ಬರೆದುಕೊಳ್ಳುತ್ತಲೇ ಇರುತ್ತವೆ. ಸಂಪರ್ಕ ಮರಳಿದಮೇಲೆ, ತಪ್ಪಿಹೋಗಿದ್ದ ಆ ಗಂಟೆಗಳಲ್ಲಿ ಜಗಲಿಗೆ ಯಾರು ಬಂದು ಹೋದರೆಂಬುದನ್ನು ಆಪಿನಲ್ಲಿಯೇ ಹಿಂದಕ್ಕೆ ತಿರುಗಿಸಿ ನೋಡಬಹುದು.