ಎಲ್ಲರಿಗೂ ಒಂದೇ ಇದ್ದ ಹೊತ್ತು
1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಮಾನಂದ ಸಾಗರ್ ಅವರ ‘ರಾಮಾಯಣ’ ಆರಂಭವಾದ ಮೇಲೆ ಭಾನುವಾರ ಬೆಳಿಗ್ಗೆ ಬೀದಿಗಳು ಬಿಕೋ ಎನ್ನುತ್ತಿದ್ದವು. ಇದಕ್ಕೆ ಭಕ್ತಿಯೊಂದೇ ಕಾರಣವಲ್ಲ. ಪ್ರಸಾರ ಗೋಪುರದಿಂದ ಹೊರಟ ತರಂಗ ಎಲ್ಲ ಮನೆಗಳನ್ನೂ ಒಂದೇ ಕ್ಷಣದಲ್ಲಿ ಮುಟ್ಟುತ್ತದೆ. ಆ ಹೊತ್ತು ತಪ್ಪಿದರೆ ಕಂತೂ ತಪ್ಪಿತು.

ಅಂತರ್ಜಾಲದ ‘ಸ್ಟ್ರೀಮಿಂಗ್’ ಹಾಗಲ್ಲ. ಇಲ್ಲಿ ಚಿತ್ರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿ ಇಟ್ಟಿರುತ್ತಾರೆ. ನಮ್ಮ ಮೊಬೈಲು ಸಂಪರ್ಕದ ವೇಗ ನೋಡಿಕೊಂಡು ತಕ್ಕದ್ದನ್ನು ಒಂದೊಂದಾಗಿ ತರಿಸಿಕೊಳ್ಳುತ್ತದೆ. ಬಸ್ಸು ಘಾಟಿ ಇಳಿಯುವಾಗ ಮಸುಕಾದ ಚಿತ್ರ ಊರು ಬಂದೊಡನೆ ತಿಳಿಯಾಗುವುದು ಇದರಿಂದಲೇ. ಅಂದರೆ ಪ್ರತಿಯೊಬ್ಬ ವೀಕ್ಷಕನಿಗೂ ಬೇರೆ ಬೇರೆ ಪ್ರಸಾರ. ಹೊತ್ತೂ ಅವರವರದೇ.

ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂದದ್ದು 2016ರ ಜನವರಿಯಲ್ಲಿ. ಆದರೆ ಹಳ್ಳಿಗಳ ಕೈಗೂ ವಿಡಿಯೊ ಎಟುಕಿದ್ದು ಅದೇ ಸೆಪ್ಟೆಂಬರಿನಲ್ಲಿ ಜಿಯೊ ಶುರುವಾಗಿ ಡೇಟಾ ದರ ಕುಸಿದ ಮೇಲೆ. 2020ರ ಜುಲೈನಲ್ಲಿ, ಚಿತ್ರಮಂದಿರಗಳು ಮುಚ್ಚಿದ್ದಾಗ, ಕನ್ನಡದ ‘ಲಾ’ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲೇ ಬಿಡುಗಡೆಯಾಯಿತು.

ಇದರಿಂದ ಹೆಚ್ಚು ಲಾಭವಾದದ್ದು, ನನ್ನ ಎಣಿಕೆಯಲ್ಲಿ, ಮನೆಗೆಲಸದ ಹೊರೆ ಹೊತ್ತವರಿಗೆ. ಕುಕ್ಕರ್ ಕೂಗಿದಾಗ ಧಾರಾವಾಹಿ ಬಿಟ್ಟು ಏಳುತ್ತಿದ್ದವರು ಈಗ ಕೆಲಸ ಮುಗಿಸಿಯೇ ನೋಡಬಹುದು. ಚಾನೆಲ್ ಜಗಳವೂ ನಿಂತಿತು. ಅದರ ಜೊತೆಗೆ ಮಾತೂ ಅಷ್ಟಿಷ್ಟು ನಿಂತಿತು. ನಾಲ್ವರು ನಾಲ್ಕು ಪರದೆ ಹಿಡಿದರೆ ಊಟದ ಹೊತ್ತಿಗೆ ಚರ್ಚಿಸಲು ಸಮಾನವಾದ ಕಥೆಯೇ ಇಲ್ಲ. ಜೊತೆಗೆ, ಒಂದು ಕಂತು ಮುಗಿಯುವಷ್ಟರಲ್ಲಿ ಮುಂದಿನದು ತಾನಾಗಿ ಆರಂಭವಾಗುವ ಏರ್ಪಾಡು ಬೇರೆ! ವಾರವಿಡೀ ಕಾಯಿಸುತ್ತಿದ್ದ ಕಥೆ ಈಗ ನಿದ್ದೆಗೆಡಿಸುತ್ತದೆ.

ಲಾಕ್‌ಡೌನ್ ಆರಂಭವಾದ 2020ರ ಮಾರ್ಚ್ ಕೊನೆಯಲ್ಲಿ ದೂರದರ್ಶನ ಅದೇ ‘ರಾಮಾಯಣ’ವನ್ನು ಮರುಪ್ರಸಾರ ಮಾಡಿತು, ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ. ಮೊಬೈಲು ಕೈಯಲ್ಲಿದ್ದೂ ಕೋಟ್ಯಂತರ ಮಂದಿ ಗಡಿಯಾರ ನೋಡಿಕೊಂಡು ಟಿ.ವಿ. ಮುಂದೆ ಕುಳಿತರು.