ಮಡಿಚಿದ ಕಹಳೆ

ಕಹಳೆಯ ಬಾಯಿ ಅಗಲವಾಗಿರುವುದು ಅಲಂಕಾರಕ್ಕಲ್ಲ. ಕಿರಿದಾದ ಗಂಟಲಿನಿಂದ ಹೊರಟ ನಾದವು ಕ್ರಮವಾಗಿ ಹಿಗ್ಗುವ ದಾರಿಯಲ್ಲಿ ಸಾಗಿ ಹೊರಗಿನ ಗಾಳಿಯೊಡನೆ ಹದವಾಗಿ ಬೆರೆಯುವುದರಿಂದಲೇ ಅಲ್ಪಶಕ್ತಿಯಿಂದ ದೊಡ್ಡ ಧ್ವನಿ ಹುಟ್ಟುತ್ತದೆ. ಆದರೆ ಮಂದ್ರಸ್ವರದ ಅಲೆ ಬಲು ಉದ್ದ. ಸೆಕೆಂಡಿಗೆ 50 ಕಂಪನಗಳ ಸ್ವರಕ್ಕೆ ಅದು ಸುಮಾರು 7 ಮೀಟರು. ಅದಕ್ಕೊಪ್ಪುವ ಕಹಳೆಯ ಬಾಯಿಗೆ 2 ಮೀಟರಿಗೂ ಮಿಕ್ಕ ವ್ಯಾಸ ಬೇಕು. ನಮ್ಮ ಸೋಂದೆಯ ಮನೆಗಳ ಯಾವ ಜಗಲಿಯಲ್ಲಿ ಅದು ಹಿಡಿದೀತು?

ಅಮೆರಿಕದ ಪಾಲ್ ಕ್ಲಿಪ್ಶ್ ಎಂಬವರು 1940ರ ದಶಕದಲ್ಲಿ ಕಹಳೆಯನ್ನು ಪೆಟ್ಟಿಗೆಯೊಳಗೆ ಮಡಿಚಿ, ಕೋಣೆಯ ಮೂಲೆಗೆ ಸೇರಿಸಿದರು. ನೆಲವೂ ಎರಡು ಗೋಡೆಗಳೂ ಕಹಳೆಯ ಮುಂದುವರಿಕೆಯಾಗುವುದರಿಂದ ಬಾಯಿಯ ವಿಸ್ತೀರ್ಣ ಎಂಟನೆಯ ಒಂದಂಶವಿದ್ದರೆ ಸಾಕು. ಚಿರೆಕಲ್ಲಿನ ಗಟ್ಟಿಗೋಡೆ ಇದಕ್ಕೆ ಉತ್ತಮ. ಹಲಗೆಯ ಅಡ್ಡಗೋಡೆ ತಾನೇ ನಡುಗಿ ಮಂದ್ರವನ್ನು ನುಂಗುತ್ತದೆ.

ಮನೆಯಲ್ಲೇ ಕಟ್ಟುವವರು ಈ ಲೆಕ್ಕವನ್ನು ಮರೆಯಬಾರದು: 50 ಕಂಪನಗಳ ಸ್ವರಕ್ಕೆ ಪ್ರತಿ 38 ಸೆಂಟಿಮೀಟರಿಗೆ ದಾರಿಯ ವಿಸ್ತೀರ್ಣ ಇಮ್ಮಡಿಯಾಗಬೇಕು. ಗಂಟಲು 300 ಚದರ ಸೆಂಟಿಮೀಟರಾದರೆ ನಾಲ್ಕು ಇಮ್ಮಡಿಗಳಲ್ಲಿ 4800 ಆಗುತ್ತದೆ. ಹಾದಿ ಸುಮಾರು ಒಂದೂವರೆ ಮೀಟರು. 18 ಮಿಲಿಮೀಟರಿನ ಪ್ಲೈವುಡ್ ಸಾಕು. ಸ್ಪೀಕರಿನ ಬೆನ್ನಿನ ಕೋಣೆಯಿಂದ ಮಾತ್ರ ಗಾಳಿ ಸೋರಕೂಡದು. ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಕುಗ್ಗುವ ಮರದ ಸಂದುಗಳಿಗೆ ಬರಿಯ ಮೊಳೆ ಸಾಲದು. ಅಂಟು ಹಚ್ಚಿ ಸ್ಕ್ರೂ ಬಿಗಿಯಬೇಕು. ಒಳಗೆ ಟಾರ್ಚು ಹೊತ್ತಿಸಿಟ್ಟು ಕತ್ತಲೆಯಲ್ಲಿ ನೋಡಿದರೆ ಸೋರುವ ಸಂದು ತಾನಾಗಿ ಕಾಣುತ್ತದೆ.

ಮಡಿಕೆಗಳ ತಿರುವಿನಲ್ಲಿ ತಾರಸ್ವರಗಳು ಸೊರಗುವುದರಿಂದ ಅವಕ್ಕೆ ಮೇಲುಗಡೆ ಬೇರೊಂದು ನೇರವಾದ ಸಣ್ಣ ಕಹಳೆ ಬೇಕು. ಮದ್ದಳೆಯ ಗುಂಗು ಕೆಳಗಿನ ಪೆಟ್ಟಿಗೆಯಿಂದ ಬಂದರೆ, ಭಾಗವತರ ಏರುಕಂಠದ ಸ್ಪಷ್ಟತೆಯೂ ಚಂಡೆಯ ಬಿರುಸೂ ಈ ಚಿಕ್ಕದರಿಂದಲೇ ಬರತಕ್ಕವು.